ವಂಶವೃಕ್ಷದಲ್ಲಿ ಅಮ್ಮಮ್ಮ ಎಲ್ಲಿ?

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕು ಅಂದಾಗ ಶಿರಸಿಯ ನಮ್ಮ ಮನೆಯ ಮರದ ಪೆಟ್ಟಿಗೆಯಿಂದ ಒಂದು ಹಳೇ ಕಾಗದ ಹೊರಗೆ ಬಂತು. ಮಡಿಕೆ ಇದ್ದಲ್ಲೆಲ್ಲ ಹರಿದಿದೆ, ಮೂಲೆಯಲ್ಲಿ ಕವಳದ ಕೆಂಪು ಕಲೆ. ನನ್ನಿಂದ ಹಿಂದಕ್ಕೆ ಏಳು ತಲೆಮಾರಿನ ಹೆಸರುಗಳು, ಎಲ್ಲ ಗಂಡಸರದ್ದೇ. ಹೆಂಡತಿಯರ ಜಾಗದಲ್ಲಿ ಬರೀ 'ಪತ್ನಿ'.

"ಇವರೇ ಮೂಲಪುರುಷ, ನಾವೆಲ್ಲ ಇವರ ರಕ್ತ" ಎಂದರು ಚಿಕ್ಕಪ್ಪ, ಎಲ್ಲಕ್ಕಿಂತ ಹಳೇ ಹೆಸರಿನ ಮೇಲೆ ಬೆರಳಿಟ್ಟು. ಈ ಮಾತು ಕೇಳಿ ಸುಮ್ನೆ ಇರೋಕೆ ನನಗೆ ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹೆತ್ತವರು 2, ಅಜ್ಜ ಅಜ್ಜಿಯರು 4, ಅವರ ಹೆತ್ತವರು 8. ಏಳನೇ ತಲೆಮಾರಿನಲ್ಲಿ 128 ಜಾಗ, ಮೂಲಪುರುಷ ಅದರಲ್ಲಿ ಒಬ್ಬ. ಹತ್ತಕ್ಕೆ 1,024. ಮೂವತ್ತಕ್ಕೆ 107 ಕೋಟಿ! ಅಷ್ಟು ಜನ ಆಗ ಇಡೀ ಭೂಮಿಯ ಮೇಲೇ ಇರಲಿಲ್ಲ. ಅಂದರೆ ಒಬ್ಬರೇ ಹಲವು ಜಾಗದಲ್ಲಿ ಕೂತಿದ್ದಾರೆ. ಅತ್ತೆಯ ಮಗಳನ್ನೇ ಮದುವೆಯಾದವರ ಮಕ್ಕಳನ್ನು ನೋಡಿ, ಅವರಿಗೆ ಮುತ್ತಜ್ಜ ಮುತ್ತಜ್ಜಿಯರು 8 ಅಲ್ಲ, 6.

ನಮ್ಮ ಅಘನಾಶಿನಿ ನದಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆ ಎನ್ನುತ್ತೇವೆ. ತದಡಿಯ ಹತ್ತಿರ ಸಮುದ್ರ ಸೇರುವ ನೀರಿನಲ್ಲಿ ಆ ಹೊಂಡದ ಪಾಲು ಎಷ್ಟು? ದಾರಿಯಲ್ಲಿ ಬಂದು ಸೇರಿದ ಹಳ್ಳಗಳದ್ದೇ ಜಾಸ್ತಿ ಅಲ್ವಾ? ವಂಶವೂ ಹಾಗೇ. ಆದರೆ ಡಿಎನ್‌ಎ ನೀರಿನ ಹಾಗೆ ಬೆರೆತು ಹೋಗುವುದಿಲ್ಲ, ಅಡಿಕೆ ತೋಟದ ಹಿಸ್ಸೆಯ ಹಾಗೆ ತುಂಡು ತುಂಡಾಗಿ ಬರುತ್ತದೆ. ಅಪ್ಪನಿಂದ ಅರ್ಧ, ಆಯಿಯಿಂದ ಅರ್ಧ. ಆ ಅರ್ಧದಲ್ಲಿ ಅಜ್ಜನ ತುಂಡು ಯಾವುದು, ಅಜ್ಜಿಯ ತುಂಡು ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. ಹತ್ತು ತಲೆಮಾರು ಹೀಗೇ ಚೀಟಿ ಎತ್ತಿದರೆ ಆ 1,024 ಜನರಲ್ಲಿ ಹಲವರ ಪಾಲಿನದು ಒಂದು ಗುಂಟೆಯೂ ನಮ್ಮಲ್ಲಿ ಉಳಿದಿರುವುದಿಲ್ಲ.

ಮೂಲಪುರುಷನಿಂದ ಹೆಚ್ಚುಕಡಿಮೆ ಹಾಗೇ ಇಳಿದು ಬರುವುದು ಗಂಡಸರಲ್ಲಿರುವ ವೈ ಕ್ರೋಮೋಸೋಮ್ ಎಂಬ ತುಂಡು ಮಾತ್ರ, ಅದೂ ಅಪ್ಪನಿಂದ ಮಗನಿಗೆ. ನನ್ನ ತಂಗಿಗೆ ಅದೂ ಇಲ್ಲ. ಆದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿ ಸುಮಾರು 16,569 ಅಕ್ಷರಗಳ ಒಂದು ಪುಟ್ಟ ಡಿಎನ್‌ಎ ಉಂಗುರ ಇದೆ. ಅದು ಬರುವುದು ತಾಯಿಯಿಂದ. ನನ್ನಲ್ಲಿ ಇರುವುದು ಆಯಿಯದು, ಅವಳಲ್ಲಿ ಅಮ್ಮಮ್ಮನದು, ಅಮ್ಮಮ್ಮನಲ್ಲಿ ಅವಳ ತಾಯಿಯದು. ಆ ತಾಯಿ ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಮದುವೆಯಾಗಿ ಬಂದವಳು. ಅವಳು ಕೊಟ್ಟದ್ದು ಕೆಂಪು ರಕ್ತಕಣ ಬಿಟ್ಟರೆ ನನ್ನ ಒಂದೊಂದು ಜೀವಕೋಶದಲ್ಲೂ ಇದೆ, ಕಾಗದದಲ್ಲಿ ಅವಳ ಹೆಸರಿಲ್ಲ.

ಕಾಗದವೇ ಇಲ್ಲದವರ ಕತೆಯನ್ನೂ ಡಿಎನ್‌ಎ ಹೇಳುತ್ತದೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಹಿಡಿದು ತಂದವರು ಅವರ ವಂಶವೃಕ್ಷ ಬರೆದಿಡಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನ ಅವರಲ್ಲಿ ಆಫ್ರಿಕಾದ ಜೊತೆಗೆ ಭಾರತದ, ಬಹುಶಃ ಯುರೋಪಿನ ತುಂಡುಗಳನ್ನೂ ಕಂಡಿತು. ಇಲ್ಲಿಯವರ ಜೊತೆ ಬೆರೆತದ್ದು ಕಳೆದ 200 ವರ್ಷದಲ್ಲಿ, ಅಂದರೆ ಸುಮಾರು 8 ತಲೆಮಾರಿನೊಳಗೆ ಎಂದೂ ಅಂದಾಜು ಮಾಡಿತು. ಶುದ್ಧ ರಕ್ತ ಎನ್ನುವವರು ನಮ್ಮ ಕರಾವಳಿಯಲ್ಲಿ ಎಷ್ಟು ಹಡಗು ಬಂದು ನಿಂತಿವೆ ಎಂದು ಒಮ್ಮೆ ಯೋಚಿಸಬೇಕು.

ರಾತ್ರಿ ಆಯಿಯ ಹತ್ತಿರ ಅಮ್ಮಮ್ಮನ ತಾಯಿಯ ಹೆಸರು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಅಪ್ಪನ ಕಡೆಯ ಈ ಕಾಗದದಲ್ಲಿ ಅವಳಿಗೆ 'ಪತ್ನಿ' ಎಂಬ ಜಾಗವೂ ಇಲ್ಲ, ಅದಕ್ಕೇ ಹೆಸರನ್ನು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದೆ. ಅದರ ಹಿಂದಿನದು ಕುಮಟಾದ ದೊಡ್ಡಾಯಿಗೆ ಗೊತ್ತಿರಬಹುದಂತೆ. ಅವರಿಗೆ 90 ದಾಟಿದೆ. ಈ ಭಾನುವಾರವೇ ಘಟ್ಟ ಇಳಿಯುತ್ತಿದ್ದೇನೆ.