ನಾಲ್ಕನೇ ಸ್ಥಾನದಲ್ಲಿದ್ದವರು ಗವರ್ನರ್ ಆಗಿದ್ದು ಹೇಗೆ? ನೈಜೀರಿಯಾದ ಇಮೋ ಚುನಾವಣೆಯ ಹಿನ್ನೆಲೆ

2020ರ ಜನವರಿ 14ಕ್ಕೆ ನೈಜೀರಿಯಾದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಗ್ಗೆ ಅಲ್ಲಿ ಜಗಳ ಇನ್ನೂ ಮುಗಿದಿಲ್ಲ. ಇಮೋ ರಾಜ್ಯದ ಎಣಿಕೆಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಿದ್ದಿದ್ದ ಹೋಪ್ ಉಜೊಡಿನ್ಮಾ ಅವರೇ ನಿಜವಾಗಿ ಗೆದ್ದವರು ಅಂತ ಏಳು ಜನ ಜಡ್ಜ್‌ಗಳು ಒಮ್ಮತದಿಂದ ಹೇಳಿದ್ರು, 2019ರ ಮೇ ತಿಂಗಳಿಂದ ಅಧಿಕಾರ ನಡೆಸ್ತಿದ್ದ ಎಮೆಕಾ ಇಹೆಡಿಯೋಹಾ ಕುರ್ಚಿ ಬಿಟ್ಟು ಇಳೀಬೇಕಾಯ್ತು. ಅಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ನೇಮಕ ಆಗಿ ಬರೋರಲ್ಲ, ಜನ ನೇರವಾಗಿ ಓಟು ಹಾಕಿ ಆರಿಸ್ತಾರೆ, ರಾಜ್ಯದ ಖಜಾನೆ ಪೂರ್ತಿ ಅವರ ಕೈಲಿರತ್ತೆ, ಹಾಗಾಗಿ ಸೋತವರು ಸುಮ್ನೆ ಮನೆಗೆ ಹೋಗೋದು ಅಪರೂಪ.

ಕೋರ್ಟು ಗವರ್ನರ್‌ನ ಬದಲಾಯಿಸೋದು ಇಮೋದಲ್ಲೇ ಶುರುವಾಗಿದ್ದಲ್ಲ. 2003ರಲ್ಲಿ ಪಕ್ಕದ ಅನಾಂಬ್ರಾದಲ್ಲಿ ಕ್ರಿಸ್ ಎಂಗಿಗೆ ಅನ್ನೋರು ಗೆದ್ದರು ಅಂತ ಘೋಷಣೆ ಆಯ್ತು, ಪೀಟರ್ ಓಬಿ ಅದನ್ನ ಒಪ್ಪದೆ ಸುಮಾರು ಮೂರು ವರ್ಷ ಕೋರ್ಟು ಅಲೆದು 2006ರ ಮಾರ್ಚ್‌ನಲ್ಲಿ ಅಧಿಕಾರ ಹಿಡಿದ್ರು. ಮರುವರ್ಷ ಅಲ್ಲಿ ಮತ್ತೆ ಚುನಾವಣೆ ನಡೆಸಿ ಬೇರೆಯವರನ್ನ ಕೂರಿಸಿದಾಗ, ಓಬಿಯವರ ನಾಲ್ಕು ವರ್ಷ ಲೆಕ್ಕ ಹಾಕಬೇಕಾದ್ದು ಪ್ರಮಾಣವಚನದ ದಿನದಿಂದ, ಅವಧಿ ಇನ್ನೂ ಮುಗಿದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ ವಾಪಸ್ ಕೂರಿಸ್ತು. ಇಂಥ ತೀರ್ಪುಗಳಿಂದಾನೇ ದೇಶದ 36 ರಾಜ್ಯಗಳಲ್ಲಿ 8 ರಾಜ್ಯಗಳಿಗೆ ಇವತ್ತು ಗವರ್ನರ್ ಚುನಾವಣೆ ಬೇರೆ ಬೇರೆ ಟೈಮಲ್ಲಿ ನಡೆಯತ್ತೆ, ಇಮೋನೂ ಅದರಲ್ಲೊಂದು. 2007ರ ಅಕ್ಟೋಬರ್‌ನಲ್ಲಂತೂ ರಿವರ್ಸ್ ರಾಜ್ಯದಲ್ಲಿ ಚುನಾವಣೆಗೇ ನಿಲ್ಲದ ರೊಟಿಮಿ ಅಮೇಚಿಯವರನ್ನ ಕೋರ್ಟು ಗವರ್ನರ್ ಮಾಡ್ತು, ಪಕ್ಷದ ಒಳಗಿನ ಆಯ್ಕೆ ಗೆದ್ದಿದ್ದು ಅವರು, ಅವರ ಹೆಸರು ಕಿತ್ತುಹಾಕಿದ್ದು ತಪ್ಪು, ಓಟು ಬಿದ್ದಿದ್ದು ಪಕ್ಷಕ್ಕೆ ಅನ್ನೋ ವಾದದ ಮೇಲೆ. ಆಗ ಜನಕ್ಕೆ ಕೋರ್ಟಿನ ಮೇಲೆ ಭರವಸೆ ಬಂದಿತ್ತು. ಆದ್ರೆ ಯಾರು ಗೆದ್ದರು ಅಂತ ಓಟುದಾರರ ಬದಲು ಜಡ್ಜ್‌ಗಳು ಹೇಳೋ ಅಭ್ಯಾಸಾನೂ ಅಲ್ಲಿಂದಲೇ ಗಟ್ಟಿಯಾಯ್ತು ಅಂತ ನನಗನ್ಸತ್ತೆ.

ಈಗ ಇಮೋಗೆ ಬರೋಣ. 2019ರ ಮಾರ್ಚ್ 9ಕ್ಕೆ ಮತದಾನ. ಚುನಾವಣಾ ಆಯೋಗ ಕೊಟ್ಟ ಲೆಕ್ಕದಲ್ಲಿ ಇಹೆಡಿಯೋಹಾಗೆ 2,73,404, ಉಚೆ ಎನ್ವೋಸುಗೆ 1,90,364, ಇಫೆಯಾನಿ ಅರರುಮೆಗೆ 1,14,676, ಉಜೊಡಿನ್ಮಾಗೆ 96,458 ಓಟು. ಉಜೊಡಿನ್ಮಾ ವಾದ ಏನಂದ್ರೆ 388 ಬೂತ್‌ಗಳ ರಿಸಲ್ಟನ್ನ ಒಟ್ಟು ಲೆಕ್ಕಕ್ಕೆ ಸೇರಿಸ್ಲೇ ಇಲ್ಲ ಅಂತ.

ಇಲ್ಲಿ ಬೂತ್‌ನಲ್ಲಿ ಏನಾಗತ್ತೆ ಅಂತ ಸ್ವಲ್ಪ ನೋಡ್ಬೇಕು. ಓಟು ಮುಗಿದ ಮೇಲೆ ಎಲ್ಲರ ಎದುರೇ ಬ್ಯಾಲೆಟ್ ಎಣಿಸ್ತಾರೆ, ಅಧಿಕಾರಿ ಇಸಿ8ಎ ಅನ್ನೋ ಫಾರಂ ತುಂಬಿ ಸಹಿ ಹಾಕ್ತಾರೆ, ಪಕ್ಷದ ಏಜೆಂಟರೂ ಸಹಿ ಹಾಕ್ತಾರೆ, ಒಂದೊಂದು ಪ್ರತಿ ಏಜೆಂಟರಿಗೆ, ಒಂದು ಅಲ್ಲಿರೋ ಪೊಲೀಸರಿಗೆ. ಇಮೋ ಕೇಸಲ್ಲಿ ಈ ಪೊಲೀಸ್ ಪ್ರತಿಗಳೇ ಮುಖ್ಯವಾಗಿದ್ದು, ಒಬ್ಬ ಪೊಲೀಸ್ ಅಧಿಕಾರಿ ಸಾಕ್ಷಿಯಾಗಿ ಬಂದು 366 ಫಾರಂಗಳನ್ನ ಚುನಾವಣಾ ತಕರಾರು ಮೊದಲು ಕೇಳೋ ಟ್ರಿಬ್ಯುನಲ್ ಮುಂದಿಟ್ರು. ಟ್ರಿಬ್ಯುನಲ್ ಒಪ್ಪಲಿಲ್ಲ, ಅಪೀಲ್ ಕೋರ್ಟಿನ ಬಹುಮತಾನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಒಪ್ತು. ಆ ಬೂತ್‌ಗಳಿಂದ ಉಜೊಡಿನ್ಮಾಗೆ 2,13,695 ಓಟು ಸೇರಿ 3,10,153 ಆಯ್ತು, ಅದೇ ಬೂತ್‌ಗಳಲ್ಲಿ ಇಹೆಡಿಯೋಹಾಗೆ ಸಿಕ್ಕಿದ್ದು ಬರೀ 1,903. ಇನ್ನೂ ದೊಡ್ಡ ತೊಂದರೆ ಅಂದ್ರೆ ಮತದಾನದ ದಿನ ಬೂತ್‌ಗಳಲ್ಲಿ ದಾಖಲಾದ ಮತದಾರರು 8,23,743 ಇದ್ರು, ಹೊಸ ಓಟು ಸೇರಿಸಿದ್ರೆ ಚಲಾವಣೆಯಾದ ಓಟು ಅದನ್ನೂ ದಾಟಿ ಹೋಗತ್ತೆ.

ಇದನ್ನೇ ಹಿಡಿದು ಇಹೆಡಿಯೋಹಾ ಅದೇ ಸುಪ್ರೀಂ ಕೋರ್ಟಿಗೆ ಮರುಪರಿಶೀಲನೆಗೆ ಹೋದ್ರು, 2020ರ ಮಾರ್ಚ್ 3ಕ್ಕೆ ಆರು ಜನ ಜಡ್ಜ್‌ಗಳು ತಳ್ಳಿಹಾಕಿದ್ರು, ಸೆಂಟಸ್ ಎನ್ವೆಜೆ ಒಬ್ಬರೇ ಭಿನ್ನವಾಗಿ ಬರೆದು ಈ ತೀರ್ಪು ದೇಶದ ಚುನಾವಣಾ ಕಾನೂನನ್ನ ಬಹಳ ಕಾಲ ಕಾಡತ್ತೆ ಅಂದ್ರು. ನನಗೆ ಅವರ ಮಾತೇ ಸರಿ ಅನ್ಸತ್ತೆ. 388 ಬೂತ್‌ಗಳ ಬಗ್ಗೆ ಅನುಮಾನ ಇದ್ರೆ ಅಲ್ಲಿನ ಜನರ ಹತ್ರಾನೇ ಮತ್ತೆ ಓಟು ಹಾಕಿಸಬಹುದಿತ್ತು, ಬೂತಿಗೆ ಹೋಗಿ ಬಿಸಿಲಲ್ಲಿ ಕ್ಯೂ ನಿಂತವರಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆ ಅದು.

ಆಮೇಲೆ 2022ರಲ್ಲಿ ಹೊಸ ಕಾನೂನು ಬಂತು, ಬೆರಳಚ್ಚು ಮತ್ತು ಮುಖ ನೋಡಿ ಮತದಾರರನ್ನ ಗುರುತಿಸೋ ಬಿವಾಸ್ ಮೆಷಿನ್ ಬಂತು, ಬೂತ್ ಫಾರಂನ ಫೋಟೋ ಹಾಕೋಕೆ ಐರೆವ್ ಅನ್ನೋ ಪೋರ್ಟಲ್ ಬಂತು, ಪೇಪರ್ ಯಾರ ಕೈಲಿದೆ ಅನ್ನೋ ಜಗಳ ಇನ್ನು ಮುಗೀತು ಅಂತ ಜನ ನಂಬಿದ್ರು. ಆದ್ರೆ ಅಧ್ಯಕ್ಷರ ಚುನಾವಣೆ ಕೇಸಲ್ಲಿ 2023ರ ಅಕ್ಟೋಬರ್ 26ಕ್ಕೆ ಅದೇ ಸುಪ್ರೀಂ ಕೋರ್ಟ್, ಪೋರ್ಟಲ್‌ಗೆ ರಿಸಲ್ಟ್ ಹಾಕದೇ ಇದ್ದ ಮಾತ್ರಕ್ಕೆ ಚುನಾವಣೆ ರದ್ದಾಗಲ್ಲ ಅಂದುಬಿಡ್ತು. ಅದಾಗಿ ಎರಡೇ ವಾರಕ್ಕೆ, ನವೆಂಬರ್ 11ರಂದು ಇಮೋ ಜನ ಮತ್ತೆ ಓಟು ಹಾಕಿದ್ರು, ಉಜೊಡಿನ್ಮಾ 5,40,308 ಓಟು ತಗೊಂಡು 27 ಸ್ಥಳೀಯ ಆಡಳಿತ ಪ್ರದೇಶಗಳಲ್ಲೂ ಗೆದ್ದರು ಅಂತ ಆಯೋಗ ಘೋಷಿಸ್ತು, ಸೋತವರು ಮತ್ತೆ ಟ್ರಿಬ್ಯುನಲ್‌ಗೆ ಹೋದ್ರು.