ಮೊಳಕೆ ಬಂದ ಸಸಿ ನಾಲ್ಕೇ ದಿನಕ್ಕೆ ಮಲಗಿಬಿಡುತ್ತದೆ, ಯಾಕೆ?

ಪ್ರಶ್ನೆ: ಬಾಲ್ಕನಿಯಲ್ಲಿ ಪುಟ್ಟ ಕಪ್ಪುಗಳಲ್ಲಿ ಮೆಣಸಿನಕಾಯಿ, ಟೊಮೆಟೊ ಬೀಜ ಹಾಕುತ್ತೇನೆ. ಮೊಳಕೆ ಚೆನ್ನಾಗೇ ಬರುತ್ತದೆ. ಎರಡೆಲೆ ಬಿಟ್ಟಿತು ಅಂತ ಖುಷಿಪಡುವಷ್ಟರಲ್ಲಿ, ಒಂದು ಬೆಳಗ್ಗೆ ಎದ್ದು ನೋಡಿದರೆ ಸಸಿಗಳು ಬುಡದಲ್ಲಿ ಬಾಗಿ ಮಣ್ಣಿನ ಮೇಲೆ ಮಲಗಿರುತ್ತವೆ. ದಿನಾ ತಪ್ಪದೆ ಎರಡು ಹೊತ್ತು ನೀರು ಹಾಕುತ್ತೇನೆ. ಆದರೂ ಹೀಗೇ. ಬೀಜ ಸರಿ ಇಲ್ಲವಾ? ನನ್ನ ಕೈಗುಣ ಸರಿ ಇಲ್ಲವಾ?

ಉತ್ತರ: ಕೈಗುಣದ ಮಾತು ಬಿಟ್ಟುಬಿಡಿ. ಬೀಜದಲ್ಲೂ ದೋಷ ಇಲ್ಲ. ಮೊಳೆತು ಎರಡೆಲೆ ಬಿಟ್ಟಿತು ಅಂದರೆ ಬೀಜ ತನ್ನ ಕೆಲಸ ಮುಗಿಸಿದೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ದಿನಾ ತಪ್ಪದೆ ಎರಡು ಹೊತ್ತು ನೀರು’ ಅನ್ನುವ ಮಾತಿನ ಮೇಲೆ.

ಬಿದ್ದ ಸಸಿ ಒಂದನ್ನು ಕೈಗೆತ್ತಿಕೊಂಡು ಬುಡ ನೋಡಿ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೀರು ಕುಡಿದ ಹಾಗೆ ಕಂದಾಗಿ, ದಾರದಷ್ಟು ಸಣ್ಣಗಾಗಿದೆಯಾ? ಎಲೆ ಮಾತ್ರ ಇನ್ನೂ ಹಸಿರಾಗೇ ಇದೆಯಾ? ಹಾಗಿದ್ದರೆ ಇದು ಸಸಿ ಸಾಯುವ ರೋಗ. ನಮ್ಮ ರೈತರು ಇದನ್ನು ಕರೆಯುವುದೇ ಹಾಗೆ. ನೀರಿಲ್ಲದೆ ಬಾಡಿದ್ದರೆ ಮೊದಲು ಎಲೆ ಜೋತುಬೀಳುತ್ತದೆ, ಬುಡ ಗಟ್ಟಿಯಾಗೇ ಇರುತ್ತದೆ, ನೀರು ಕೊಟ್ಟ ಒಂದೆರಡು ಗಂಟೆಗೆ ತಲೆ ಎತ್ತುತ್ತದೆ. ಬ್ಲೇಡಿನಲ್ಲಿ ಕುಯ್ದ ಹಾಗೆ ತುಂಡಾಗಿದ್ದರೆ ಅದು ಹುಳದ ಕೆಲಸ. ರಾತ್ರಿ ಟಾರ್ಚ್ ಹಿಡಿದು ಮಣ್ಣು ಕೆದಕಿದರೆ ಸಿಕ್ಕಿಬೀಳುತ್ತದೆ.

ಈ ರೋಗ ತರುವ ಜೀವಿಗಳು ಮಣ್ಣಿನಲ್ಲೇ ಇರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಪಿಥಿಯಂ. ರೈಜೊಕ್ಟೋನಿಯಾ ಎಂಬ ಶಿಲೀಂಧ್ರವೂ ಇದೇ ಕೆಲಸ ಮಾಡುತ್ತದೆ. ಪಿಥಿಯಂ ನೋಡಲು ಬೂಷ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರ ಅಲ್ಲ. ಅದರ ಗುಂಪೇ ಬೇರೆ, ನೀರನ್ನು ನಂಬಿ ಬದುಕುವಂಥದ್ದು. ಅದು ಬಿಡುವ ಸೂಕ್ಷ್ಮ ಕಣಗಳಿಗೆ ಬಾಲದಂಥ ಎಳೆಗಳಿರುತ್ತವೆ. ಮಣ್ಣಿನ ಸಂದಿಗಳಲ್ಲಿ ನಿಂತ ನೀರಿನಲ್ಲಿ ಈಜಿಕೊಂಡೇ ಅವು ಬೇರಿನ ತನಕ ಹೋಗುತ್ತವೆ. ನೀರು ಬಸಿದು ಆ ಸಂದಿಗಳಲ್ಲಿ ಗಾಳಿ ತುಂಬಿದರೆ ಅವಕ್ಕೆ ದಾರಿ ಮುಚ್ಚಿದ ಹಾಗೆ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಇದೆಯಲ್ಲ, ಅದು ಪಿಥಿಯಂಗೆ ಹತ್ತಿರದ ನೆಂಟ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಷ್ಟು ಹಿಂದೆಯೇ ಕೊಳೆರೋಗದ ಬಗ್ಗೆ ವಿವರವಾಗಿ ಬರೆದಿದ್ದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ಹೇಳಿಕೊಟ್ಟವರೂ ಅವರೇ. ಜಡಿಮಳೆ ಹಿಡಿದು ಗೊನೆ ಆರದೇ ಹೋದ ವರ್ಷ ಕೊಳೆ ಜಾಸ್ತಿ ಅಂತ ತೋಟದವರೆಲ್ಲರಿಗೂ ಗೊತ್ತು. ನಿಮ್ಮ ಬಾಲ್ಕನಿಯ ಆ ಪುಟ್ಟ ಕಪ್ಪಿನೊಳಗೂ ದಿನಕ್ಕೆ ಎರಡು ಸಲ ಜಡಿಮಳೆ ಆಗುತ್ತಿದೆ.

ನನಗೂ ಹೀಗೇ ಆಗಿತ್ತು. ಮೊದಲ ಸಲ ಮೆಣಸಿನ ಸಸಿ ಮಾಡಿದ್ದು ಜುಲೈ ತಿಂಗಳಲ್ಲಿ, ಒಂದು ಐಸ್‌ಕ್ರೀಂ ಡಬ್ಬಿಯಲ್ಲಿ. ಹಿತ್ತಲಿನ ಮಣ್ಣು ತುಂಬಿ, ಚಿಟಿಕೆಯಲ್ಲಿ ಬೀಜ ಉದುರಿಸಿದ್ದೆ. ತಳಕ್ಕೆ ತೂತು ಮಾಡಿರಲಿಲ್ಲ. ನಲವತ್ತರ ಹತ್ತಿರ ಸಸಿ ಬಂದವು, ಒಂದಕ್ಕೊಂದು ಒತ್ತಿಕೊಂಡು. ಮೊದಲ ದಿನ ಮೂಲೆಯಲ್ಲಿ ಮೂರು ಬಿದ್ದವು. ಬಾಡಿವೆ ಅಂದುಕೊಂಡು ಇನ್ನಷ್ಟು ನೀರು ಹಾಕಿದೆ. ಮರುದಿನ ಅದರ ಸುತ್ತಲಿನ ಏಳೆಂಟು ಬಿದ್ದವು. ಮೂರನೇ ದಿನಕ್ಕೆ ಅರ್ಧ ಡಬ್ಬಿ ಬೋಳು. ಒಂದು ಕಡೆ ಶುರುವಾಗಿ ಹೀಗೆ ದುಂಡಗೆ ಹರಡುತ್ತಾ ಹೋಗುವುದೇ ಈ ರೋಗದ ಗುರುತು ಅಂತ ಆಗ ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಕಾಫಿ ಕುಡಿಯುವ ಮುಂಚೆ ಆ ಡಬ್ಬಿ ನೋಡಿ ಎಷ್ಟು ಬೇಜಾರಾಗಿತ್ತು ಅನ್ನುವುದು ಮಾತ್ರ ಚೆನ್ನಾಗಿ ನೆನಪಿದೆ. ಅದಕ್ಕೇ ಈ ಪ್ರಶ್ನೆಗೆ ಇಷ್ಟು ಉದ್ದ ಉತ್ತರ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ. ಕೆಲವು ಸಲ ಬೀಜ ಮಣ್ಣಿನಿಂದ ಮೇಲೆ ಬರುವ ಮುಂಚೆಯೇ ಈ ರೋಗ ಹಿಡಿಯುತ್ತದೆ. ಮೊಳಕೆ ಒಳಗೇ ಕೊಳೆತು ಹೋಗುತ್ತದೆ. ನಾವು ‘ಬೀಜ ಹುಟ್ಟಲೇ ಇಲ್ಲ’ ಅಂತ ಅಂಗಡಿಯವರನ್ನು ಬಯ್ಯುತ್ತೇವೆ. ಹುಟ್ಟದ ಜಾಗದಲ್ಲಿ ಮಣ್ಣು ಕೆದಕಿ ನೋಡಿ. ಬೀಜ ಮೆತ್ತಗೆ ಕೊಳೆತಿದ್ದರೆ ಕಾರಣ ತೇವ.

ಈಗ ಮತ್ತೆ ಬೀಜ ಹಾಕುವ ಮಾತಿಗೆ ಬರೋಣ. ಹಿತ್ತಲಿನ ಮಣ್ಣಾಗಲಿ, ಹಳೆ ಕುಂಡದ ಮಣ್ಣಾಗಲಿ ಸಸಿಗೆ ಬೇಡ. ಅದು ಬೇಗ ಗಟ್ಟಿಯಾಗುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ, ರೋಗದ ಜೀವಿಗಳೂ ಅದರಲ್ಲೇ ಇರುತ್ತವೆ. ಮೂರು ಪಾಲು ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಎರೆಗೊಬ್ಬರ ಸಾಕು. ಅಂಗಡಿಯಲ್ಲಿ ಸಿಗುವ 650 ಗ್ರಾಂನ ಕೊಕೊಪಿಟ್ ಇಟ್ಟಿಗೆ ನೆನೆದರೆ ಎಂಟು ಒಂಬತ್ತು ಲೀಟರಿನಷ್ಟು ಉಬ್ಬುತ್ತದೆ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರಬಹುದು. ಅದಕ್ಕೆ ಒಂದೆರಡು ಸಲ ನೀರು ಹಾಕಿ, ಹಿಂಡಿ ಚೆಲ್ಲಿ ಬಳಸಿ. ಮಿಶ್ರಣ ಎಷ್ಟು ತೇವ ಇರಬೇಕು ಅಂತ ಕೈಯಲ್ಲೇ ತಿಳಿಯುತ್ತದೆ. ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ನೀರು ಧಾರೆಯಾಗಿ ಇಳಿದರೆ ಜಾಸ್ತಿಯಾಯಿತು.

ಹಸಿ ಸೆಗಣಿ, ಅರೆಬೆಂದ ಗೊಬ್ಬರ ಖಂಡಿತ ಬೇಡ. ಸಸಿಗೆ ಮೊದಲ ಹತ್ತು ದಿನ ಹೊರಗಿನ ಊಟ ಹೆಚ್ಚು ಬೇಕಾಗುವುದಿಲ್ಲ. ಬೀಜ ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ಮಣ್ಣಲ್ಲೇ ಮಾಡಬೇಕು ಅನ್ನುವವರು ಏಪ್ರಿಲ್, ಮೇ ಬಿಸಿಲಲ್ಲಿ ಮಣ್ಣನ್ನು ತೇವ ಮಾಡಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಡಿ. ಆ ಕಾವಿಗೆ ರೋಗದ ಜೀವಿಗಳು ಬಹಳಷ್ಟು ಸಾಯುತ್ತವೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಒಂದು ಸಣ್ಣ ಬದಲಾವಣೆ: ಒಂದು ಕಪ್ಪಿಗೆ ಒಂದೇ ಸಸಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನರ್ಸರಿಗಳಲ್ಲಿ ಪ್ರೋಟ್ರೇ ನೋಡಿರುತ್ತೀರಿ. 98 ಕುಳಿಗಳ, ಕಪ್ಪು ಬಣ್ಣದ ತಟ್ಟೆ. ಕುಳಿಗೊಂದು ಬೀಜ. ಮೊದಲೆಲ್ಲ ಟೊಮೆಟೊ ಬೆಳೆಯುವವರು ತಮ್ಮ ಹೊಲದಲ್ಲೇ ಒಟ್ಲು, ಅಂದರೆ ಸಸಿ ಮಡಿ, ಹಾಕುತ್ತಿದ್ದರು. ನೀರು ಬಸಿಯಲಿ ಅಂತ ಮಡಿಯನ್ನು ಗೇಣುದ್ದ ಎತ್ತರಿಸುತ್ತಿದ್ದರು. ಈಗ ಹೆಚ್ಚಿನವರು ಪ್ರೋಟ್ರೇ ಸಸಿ ಕೊಂಡು ತರುತ್ತಾರೆ. ಅದರ ಲಾಭ ಕೆಲಸ ಉಳಿತಾಯ ಅಷ್ಟೇ ಅಲ್ಲ. ಒಂದು ಕುಳಿಯಲ್ಲಿ ರೋಗ ಬಂದರೂ ಪಕ್ಕದ್ದಕ್ಕೆ ಸುಲಭವಾಗಿ ದಾಟುವುದಿಲ್ಲ. ನನ್ನ ಐಸ್‌ಕ್ರೀಂ ಡಬ್ಬಿಯಲ್ಲಿ ಇಲ್ಲದಿದ್ದ ಗೋಡೆ ಅದು. ಮನೆಯಲ್ಲಿ ಪೇಪರ್ ಕಪ್, ಮೊಸರಿನ ಕಪ್ ಯಾವುದಾದರೂ ಆದೀತು. ತಳಕ್ಕೆ ಮೂರು ತೂತು ಇರಲಿ. ಹಳೆ ಟ್ರೇ ಆದರೆ ಸೋಪು ಹಾಕಿ ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ.

ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕೆ ಇಡಿ. ಟೊಮೆಟೊ, ಮೆಣಸಿಗೆ ಅರ್ಧ ಸೆಂಟಿಮೀಟರ್ ಧಾರಾಳ ಆಯಿತು. ಆಳಕ್ಕೆ ಹೋದಷ್ಟೂ ಮೊಳಕೆ ತೇವದಲ್ಲಿ ಹೆಚ್ಚು ದಿನ ತೆವಳಬೇಕಾಗುತ್ತದೆ. ಟೊಮೆಟೊ ಬೆಚ್ಚಗಿನ ದಿನಗಳಲ್ಲಿ ಐದರಿಂದ ಎಂಟು ದಿನಕ್ಕೆ ಮೇಲೆ ಬರುತ್ತದೆ. ಮೆಣಸು ಒಂದು ವಾರದಿಂದ ಎರಡು ವಾರ ತೆಗೆದುಕೊಳ್ಳುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೂ ತಡ. ತಡ ಆಯಿತು ಅಂತ ನೀರು ಹೆಚ್ಚಿಸಬೇಡಿ. ಚಳಿಯಲ್ಲಿ ಮೊಳಕೆ ನಿಧಾನ, ಮಣ್ಣು ಆರುವುದೂ ನಿಧಾನ.

ಅಂಗಡಿ ಪೊಟ್ಟಣದ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಸವರಿರುತ್ತದೆ ಅಲ್ವಾ? ಅದು ಚಂದಕ್ಕೆ ಅಲ್ಲ. ಥೈರಂನಂಥ ಶಿಲೀಂಧ್ರನಾಶಕ ಹಚ್ಚಿದ್ದಾರೆ ಅನ್ನುವುದರ ಗುರುತು. ಅಂಥ ಬೀಜವನ್ನು ನೆನೆಸಬೇಡಿ, ಔಷಧ ತೊಳೆದುಹೋಗುತ್ತದೆ. ಮಕ್ಕಳ ಕೈಗೆ ಕೊಡಬೇಡಿ, ನೀವೂ ಕೈ ತೊಳೆದುಕೊಳ್ಳಿ. ಬಣ್ಣ ಇಲ್ಲದ, ಮನೆಯಲ್ಲೇ ತೆಗೆದಿಟ್ಟ ಬೀಜಕ್ಕೆ ಟ್ರೈಕೋಡರ್ಮಾ ಒಳ್ಳೆಯದು. ಇದು ಕೆಟ್ಟ ಶಿಲೀಂಧ್ರಗಳನ್ನು ತಿಂದು ಬದುಕುವ ಒಳ್ಳೆಯ ಶಿಲೀಂಧ್ರ. ಗೊಬ್ಬರದಂಗಡಿಗಳಲ್ಲಿ ಪುಡಿಯಾಗಿ ಸಿಗುತ್ತದೆ. ಒಂದು ಕಿಲೋ ಮಿಶ್ರಣಕ್ಕೆ ಒಂದು ಟೀ ಚಮಚ ಬೆರೆಸಿ, ಬೀಜ ಹಾಕುವ ಒಂದು ವಾರ ಮೊದಲು ನೆರಳಲ್ಲಿ ತೇವವಾಗಿಟ್ಟರೆ ಅದು ಬೇರೂರುತ್ತದೆ. ಸಸಿ ಬಿದ್ದ ಮೇಲೆ ತಂದು ಸುರಿದರೆ ಪ್ರಯೋಜನ ಕಡಿಮೆ.

ನೀರು ಹಾಕುವ ಬಗೆ ಬದಲಾಯಿಸಿ. ಗಡಿಯಾರ ನೋಡಿ ನೀರು ಹಾಕಬೇಡಿ, ಕಪ್ಪು ಎತ್ತಿ ನೋಡಿ ಹಾಕಿ. ನೀರು ಕುಡಿದ ಕಪ್ಪಿಗೂ ಒಣಗಿದ ಕಪ್ಪಿಗೂ ತೂಕದಲ್ಲಿ ಎಷ್ಟು ವ್ಯತ್ಯಾಸ ಅಂತ ಎರಡೇ ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ. ಮೇಲ್ಮೈ ಬಣ್ಣ ತಿಳಿಯಾಗಿ, ಕಪ್ಪು ಹಗುರ ಅನಿಸಿದಾಗ ಮಾತ್ರ ನೀರು. ಅದನ್ನೂ ಮೇಲಿಂದ ಸುರಿಯಬೇಡಿ. ಒಂದು ತಟ್ಟೆಯಲ್ಲಿ ಬೆರಳು ದಪ್ಪದಷ್ಟು ನೀರು ಹಾಕಿ ಕಪ್ಪುಗಳನ್ನು ಹದಿನೈದು ನಿಮಿಷ ಇಡಿ. ಬೇಕಾದಷ್ಟನ್ನು ಅವೇ ತೂತಿನಿಂದ ಹೀರಿಕೊಳ್ಳುತ್ತವೆ. ಉಳಿದ ನೀರನ್ನು ಚೆಲ್ಲಿಬಿಡಿ. ಈ ಚೆಲ್ಲುವುದನ್ನು ಮರೆಯುವವರೇ ಜಾಸ್ತಿ. ಇದನ್ನೆಲ್ಲ ಬೆಳಗ್ಗೆ ಮಾಡಿ. ಸಂಜೆ ಹಾಕಿದ ನೀರು ರಾತ್ರಿಯಿಡೀ ಬುಡದಲ್ಲೇ ಇರುತ್ತದೆ. ತೊಟ್ಟಿಯಲ್ಲಿ ಪಾಚಿ ಕಟ್ಟಿ ನಿಂತ ನೀರು ಬೇಡ, ಪಿಥಿಯಂ ಅದರಲ್ಲೂ ಇರಬಹುದು.

ಬೀಜ ಹಾಕಿದ ಮೇಲೆ ತೇವ ಆರದಿರಲಿ ಅಂತ ಪೇಪರೋ ಪ್ಲಾಸ್ಟಿಕ್ಕೋ ಮುಚ್ಚುವ ರೂಢಿ ಇದೆ. ತಪ್ಪೇನಿಲ್ಲ. ಆದರೆ ಮೊದಲ ಒಂದೆರಡು ಮೊಳಕೆ ಕಂಡ ದಿನವೇ ಮುಚ್ಚಳ ತೆಗೆಯಬೇಕು. ಸಸಿ ಮಡಿಗೆ ಭತ್ತದ ಹುಲ್ಲು ಹೊದಿಸುವ ರೈತರೂ ಮೊಳಕೆ ಕಂಡ ಕೂಡಲೇ ಹುಲ್ಲು ತೆಗೆಯುತ್ತಾರೆ. ‘ಇನ್ನೆರಡು ದಿನ ಬೆಚ್ಚಗಿರಲಿ’ ಅಂತ ಬಿಟ್ಟರೆ ಒಳಗೆ ಹಬೆ ಕಟ್ಟುತ್ತದೆ. ಸಸಿ ಬೆಳಕಿಗೆ ಹಾತೊರೆದು ಬೆಳ್ಳಗೆ, ಉದ್ದಕ್ಕೆ, ಸಪೂರವಾಗಿ ಬೆಳೆಯುತ್ತದೆ. ಅಂಥ ಎಳೆ ಕಾಂಡ ರೋಗಕ್ಕೆ ಸುಲಭದ ತುತ್ತು. ಅಡುಗೆಮನೆ ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಸಾಕು, ಸಸಿಗೆ ಸಾಲದು. ಬೆಳಗಿನ ಎಳೆ ಬಿಸಿಲು ನಾಲ್ಕೈದು ಗಂಟೆ ಬೀಳುವ, ಗಾಳಿ ಆಡುವ ಜಾಗ ಹುಡುಕಿ. ಮಳೆಗಾಲದಲ್ಲಿ ಸೂರಿನ ಕೆಳಗಿರಲಿ.

ಸರಿ, ಈಗ ನಿಮ್ಮ ಮನೆಯಲ್ಲಿ ಅರ್ಧ ಬಿದ್ದು ಅರ್ಧ ನಿಂತಿರುವ ಟ್ರೇ ಇದೆಯಲ್ಲ, ಅದಕ್ಕೇನು ಮಾಡಬೇಕು? ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅದನ್ನು ಸುತ್ತಲಿನ ಮಣ್ಣಿನ ಸಮೇತ ಚಮಚದಲ್ಲಿ ತೆಗೆದು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಉಳಿದವಕ್ಕೆ ನೀರು ನಿಲ್ಲಿಸಿ, ಬಿಸಿಲು ಗಾಳಿಗೆ ಇಡಿ. ಒತ್ತಾಗಿದ್ದರೆ ಸಪೂರ ಸಸಿಗಳನ್ನು ಕತ್ತರಿಯಲ್ಲಿ ಕತ್ತರಿಸಿ. ಕೀಳಲು ಹೋದರೆ ಪಕ್ಕದ ಬೇರು ಅಲುಗಾಡುತ್ತದೆ. ಅರಿಶಿನ ಉದುರಿಸಿ, ದಾಲ್ಚಿನ್ನಿ ಪುಡಿ ಉದುರಿಸಿ ಅಂತ ಹೇಳುವವರು ತುಂಬಾ ಇದ್ದಾರೆ. ಮಣ್ಣು ಒದ್ದೆಯಾಗೇ ಇಟ್ಟುಕೊಂಡು ಮೇಲೆ ಎಷ್ಟು ಪುಡಿ ಉದುರಿಸಿದರೂ ಸಸಿ ಉಳಿಯುವುದಿಲ್ಲ. ರೈತರು ದೊಡ್ಡ ಮಡಿಗಳಲ್ಲಿ ಬುಡಕ್ಕೆ ತಾಮ್ರದ ಔಷಧ ಸುರಿಯುತ್ತಾರೆ. ಅವರಿಗೆ ಅದು ಅಗತ್ಯ. ಹತ್ತು ಕಪ್ಪಿನ ಬಾಲ್ಕನಿಗೆ ನಾನು ಅದನ್ನು ಹೇಳುವುದಿಲ್ಲ. ಹೊಸ ಮಿಶ್ರಣದಲ್ಲಿ ಮತ್ತೆ ನಾಲ್ಕು ಬೀಜ ಹಾಕುವುದೇ ಸುಲಭ.

ಇಷ್ಟೆಲ್ಲ ಎಚ್ಚರ ತುಂಬಾ ದಿನ ಬೇಕಾಗಿಲ್ಲ. ಮೊದಲು ಬರುವ ಎರಡು ನುಣುಪು ಎಲೆ ಬೀಜದೆಲೆ. ಆಮೇಲೆ ಬರುವುದು ಗಿಡದ ನಿಜವಾದ ಎಲೆ. ಅಂಥ ಎರಡು ಮೂರು ಎಲೆ ಬಂದು ಬುಡ ಗಟ್ಟಿಯಾದರೆ ಈ ರೋಗದ ಭಯ ಬಹುಮಟ್ಟಿಗೆ ಮುಗಿಯಿತು. ಅಂದರೆ ಮೊಳೆತ ಮೇಲೆ ಎರಡು ಮೂರು ವಾರ. ಟೊಮೆಟೊ ಬೀಜ ಹಾಕಿದ 25ರಿಂದ 30 ದಿನಕ್ಕೆ, ಮೆಣಸು 35ರಿಂದ 45 ದಿನಕ್ಕೆ ದೊಡ್ಡ ಕುಂಡಕ್ಕೆ ಸಿದ್ಧ. ನಾಟಿಗೆ ಮುಂಚಿನ ಒಂದು ವಾರ ನೀರು ಸ್ವಲ್ಪ ಕಡಿಮೆ ಮಾಡಿ, ಬಿಸಿಲು ದಿನಾ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ಟೊಮೆಟೊ ಕಾಂಡವನ್ನು ಆಳಕ್ಕೆ ಹೂತರೆ ಅಲ್ಲಿಂದಲೂ ಬೇರು ಬಿಡುತ್ತದೆ. ಮೆಣಸನ್ನು ಮೊದಲಿದ್ದ ಆಳಕ್ಕೇ ನೆಡಿ.

ಬೆಂಡೆ, ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್, ಕೊತ್ತಂಬರಿಗೆ ಈ ಕಪ್ಪಿನ ಗೊಡವೆಯೇ ಬೇಡ. ಬೆಳೆಯುವ ಕುಂಡಕ್ಕೇ ನೇರವಾಗಿ ಹಾಕಿ. ಮೆಣಸು, ಟೊಮೆಟೊಗೆ ಮಾತ್ರ ಪೊಟ್ಟಣದ ಬೀಜ ಪೂರ್ತಿ ಒಂದೇ ದಿನ ಖಾಲಿ ಮಾಡಬೇಡಿ. ಅರ್ಧ ಇವತ್ತು ಹಾಕಿ, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಟ್ಟು ಹದಿನೈದು ದಿನ ಬಿಟ್ಟು ಹಾಕಿ.