ನಾಳ ತೆರೆದಿದೆ ಸರಿ, ರಕ್ತ ಎಷ್ಟು ಹೋಗುತ್ತಿದೆ?

ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಹೃದಯದ ಸ್ಕ್ಯಾನ್, ಅಂದರೆ ಎಕೋ ಮಾಡಿದ ದಿನ ಅಪ್ಪ ಅಮ್ಮ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ‘ಹೃದಯದ ಹತ್ತಿರದ ಆ ನಾಳ ಮುಚ್ಚಿತಾ ಡಾಕ್ಟ್ರೇ?’ ಇನ್ನೂ ಇಲ್ಲ ಅಂದರೆ, ‘ಮತ್ತೆ ಔಷಧಿ ಯಾಕೆ ಕೊಡ್ತಿಲ್ಲ?’ ಎಷ್ಟು ಸಲ ಕೇಳಿದರೂ ನನಗೆ ಬೇಸರವಿಲ್ಲ, ಹೆತ್ತವರ ಸಂಕಟ ಅದು. ಆದರೆ ನಾಳ ತೆರೆದಿರುವುದೇ ಕಾಯಿಲೆ, ಮುಚ್ಚಿದರೆ ಮಗು ಗುಣ ಎಂಬ ನಂಬಿಕೆ ನನ್ನ ತಾಳ್ಮೆ ಕೆಡಿಸುತ್ತದೆ. ಆ ಒತ್ತಡಕ್ಕೆ ಮಣಿದು ಬೇಡದ ಔಷಧಿ ಬರೆಯುವ ವೈದ್ಯರೂ ಇದ್ದಾರೆ.

ಪಿಡಿಎ, ಅಂದರೆ ಹುಟ್ಟಿದ ಮೇಲೂ ಮುಚ್ಚದೆ ಉಳಿದ ಈ ನಾಳ, ಹೃದಯದ ಗೋಡೆಯಲ್ಲಿರುವ ರಂಧ್ರವಲ್ಲ. ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳವನ್ನು ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಗೆ ಜೋಡಿಸುವ ಪುಟ್ಟ ನಾಳ ಅದು, ಹೃದಯದ ಹೊರಗಡೆ ಇರುತ್ತದೆ. ಹೊಟ್ಟೆಯಲ್ಲಿದ್ದಾಗ ಎಲ್ಲ ಮಕ್ಕಳಿಗೂ ಅದು ಬೇಕೇ ಬೇಕು. ಆಗ ಆಕ್ಸಿಜನ್ ಕೊಡುವುದು ಮಾಸು. ಕೆಲಸವಿಲ್ಲದ ಶ್ವಾಸಕೋಶವನ್ನು ಬಿಟ್ಟು ರಕ್ತ ಈ ನಾಳದ ಮೂಲಕ ನೇರ ಮೈಗೆ ಹೋಗುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಸಾಮಾನ್ಯವಾಗಿ 3 ದಿನದೊಳಗೆ ನಾಳ ಬಿಗಿದುಕೊಳ್ಳುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನಲ್ಲಿ ಅದರ ಸ್ನಾಯು ಇನ್ನೂ ತೆಳು. ಆಕ್ಸಿಜನ್ ಏರಿದರೂ ಪೂರ್ತಿ ಬಿಗಿಯುವುದಿಲ್ಲ, ನಾಳವನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಕ್ಕೆ ಬೇಗ ಸಡಿಲಾಗುತ್ತದೆ. ಗರ್ಭದ 28 ವಾರಕ್ಕೂ ಮುಂಚೆ ಹುಟ್ಟಿದವರಲ್ಲಿ ಮೊದಲ ದಿನಗಳಲ್ಲಿ ಅದು ತೆರೆದಿರುವುದೇ ಹೆಚ್ಚು. ತಾಯಂದಿರು ಒಬ್ಬರೇ ಸಿಕ್ಕಾಗ ಮೆಲ್ಲಗೆ ಕೇಳುತ್ತಾರೆ, ‘ನಾನು ಏನಾದ್ರೂ ತಿಂದಿದ್ದಕ್ಕೆ ಹೀಗಾಯ್ತಾ?’ ಇಲ್ಲಮ್ಮ. ಮಗು ಬೇಗ ಬಂತು, ನಾಳ ಇನ್ನೂ ಬಲಿತಿಲ್ಲ, ಅಷ್ಟೇ.

ಈಗ ಮುಖ್ಯ ವಿಷಯ. ಇದನ್ನು ನಿಧಾನವಾಗಿ ಓದಿ.

ರಕ್ತ ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಹುಟ್ಟಿದ ಮೇಲೆ ಶ್ವಾಸಕೋಶ ಅರಳುತ್ತದೆ, ಅಲ್ಲಿನ ಒತ್ತಡ ಇಳಿಯುತ್ತದೆ. ಮಾಸು ಕಳಚಿದ್ದರಿಂದ ಮಹಾಪಧಮನಿಯ ಒತ್ತಡ ಏರುತ್ತದೆ. ಹಾಗಾಗಿ ಅದೇ ನಾಳದಲ್ಲಿ ಹರಿವು ಉಲ್ಟಾ ಆಗುತ್ತದೆ. ಆಗಷ್ಟೇ ಆಕ್ಸಿಜನ್ ತುಂಬಿಕೊಂಡು ಬಂದ ರಕ್ತದ ಒಂದು ಪಾಲು ಮೈಗೆ ಹೋಗದೆ ಮತ್ತೆ ಶ್ವಾಸಕೋಶಕ್ಕೇ ವಾಪಸ್. ಇದರಿಂದ ಮಗು ನೀಲಿಯಾಗುವುದಿಲ್ಲ. ಮಾನಿಟರಿನ ಆಕ್ಸಿಜನ್ ಅಂಕಿಯೂ ಚೆನ್ನಾಗೇ ಇರಬಹುದು.

ಪೆಟ್ಟು ಎರಡು ಕಡೆ ಬೀಳುತ್ತದೆ. ಶ್ವಾಸಕೋಶದಲ್ಲಿ ರಕ್ತ ಜಾಸ್ತಿಯಾಗಿ ಅದು ಭಾರವಾಗುತ್ತದೆ, ವೆಂಟಿಲೇಟರ್ ಬಿಡಿಸುವುದು ಕಷ್ಟವಾಗುತ್ತದೆ. ಆ ರಕ್ತವೆಲ್ಲ ಹೃದಯದ ಎಡಭಾಗಕ್ಕೇ ಮರಳುವುದರಿಂದ ಆ ಕೋಣೆಗಳು ಹಿಗ್ಗುತ್ತವೆ. ಇನ್ನೊಂದು ಕಡೆ ಮೈಗೆ ರಕ್ತದ ಕೊರತೆ. ಕಾಲುವೆಯ ಮೇಲ್ಭಾಗದಲ್ಲೇ ದೊಡ್ಡ ತೂಬು ತೆಗೆದರೆ ಕೊನೆಯ ಹೊಲಕ್ಕೆ ನೀರು ಸಾಲದು, ಅಲ್ವಾ? ಇಲ್ಲಿ ಕೊನೆಯ ಹೊಲವೆಂದರೆ ಕರುಳು ಮತ್ತು ಮೂತ್ರಪಿಂಡ. ಹೃದಯ ಕುಗ್ಗಿದಾಗ ರಕ್ತ ಮುಂದೆ ನುಗ್ಗುತ್ತದೆ, ಅದು ಸರಿ. ಎರಡು ಬಡಿತದ ನಡುವಿನ ಬಿಡುವಿನಲ್ಲೂ ಅದು ಮೆಲ್ಲಗೆ ಮುಂದಕ್ಕೇ ಹರಿಯಬೇಕು. ನಾಳ ಅಗಲವಾಗಿದ್ದರೆ ಆ ಬಿಡುವಿನಲ್ಲಿ ಹೊಟ್ಟೆಯತ್ತ ಇಳಿದ ರಕ್ತ ಹಿಂದಕ್ಕೆ ಬಂದು ನಾಳದೊಳಗೆ ನುಗ್ಗುತ್ತದೆ. ನಾವು ಎಕೋದಲ್ಲಿ ಹುಡುಕುವುದು ಇದನ್ನೇ. ಬಿಪಿಯ ಕೆಳಗಿನ ಅಂಕಿ ಕುಸಿಯುವುದೂ, ಮಗುವಿನ ಅಂಗೈಯಲ್ಲೇ ನಾಡಿ ಹೊಡೆಯುವುದು ಕೈಗೆ ಸಿಗುವುದೂ ಇದೇ ಕಾರಣಕ್ಕೆ.

ಒಮ್ಮೆ ಒಬ್ಬ ತಂದೆ ರಿಪೋರ್ಟಿನ ಫೋಟೋ ಹಿಡಿದು ಬಂದರು. ಪಕ್ಕದ ವಾರ್ಮರಿನ ಮಗುವಿನ ಅಪ್ಪನ ಜೊತೆ ಮಾತಾಡಿಕೊಂಡಿದ್ದಾರೆ. ಎರಡೂ ಮಕ್ಕಳ ನಾಳ 2 ಮಿಲಿಮೀಟರ್. ‘ಆ ಮಗುಗೆ ಔಷಧಿ ಕೊಟ್ಟಿದ್ದೀರಿ, ನಮ್ಮದಕ್ಕೆ ಯಾಕಿಲ್ಲ?’ ಇನ್ನೊಬ್ಬರ ಮಗುವಿನ ವಿಷಯ ನಾನು ಹೇಳುವಂತಿಲ್ಲ. ಅವರ ಮಗುವಿನದು ಮಾತ್ರ ತೋರಿಸಿದೆ. ಎಡ ಹೃತ್ಕರ್ಣ (ಹೃದಯದ ಎಡ ಮೇಲ್ಕೋಣೆ) ಹಿಗ್ಗಿಲ್ಲ, ಹೊಟ್ಟೆಗೆ ಹೋಗುವ ರಕ್ತ ಹಿಂದೆ ಸರಿಯುತ್ತಿಲ್ಲ, ಮೂತ್ರ ಚೆನ್ನಾಗಿದೆ, ಹಾಲು ಅರಗುತ್ತಿದೆ, ಉಸಿರಿನ ನೆರವು ಇಳಿಯುತ್ತಿದೆ. ಆ ಮನುಷ್ಯ ಮರುದಿನದಿಂದ ಎಂಎಂ ಬಿಟ್ಟು ‘ಇವತ್ತು ಮೂತ್ರ ಎಷ್ಟು?’ ಅಂತ ಕೇಳತೊಡಗಿದರು. ನನಗೆ ತುಂಬಾ ಖುಷಿಯಾಯಿತು.

‘ಕೊಟ್ಟರೆ ನಷ್ಟ ಏನು?’ ಅಂತಲೂ ಕೇಳುತ್ತಾರೆ. ನಷ್ಟ ಇರಬಹುದು. ಐಬುಪ್ರೊಫೆನ್, ಇಂಡೊಮೆಥಸಿನ್ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ತಡೆದು ನಾಳ ಬಿಗಿಯುವಂತೆ ಮಾಡುತ್ತವೆ. ಆದರೆ ಮೂತ್ರಪಿಂಡದ ರಕ್ತಸಂಚಾರಕ್ಕೂ ಅದೇ ರಾಸಾಯನಿಕ ಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಕೆಲಸ ಕುಂದಬಹುದು, ಕರುಳಿಗೂ ತೊಂದರೆಯಾಗಬಹುದು. ನಾಳ ಮುಚ್ಚಲು ಕೊಡುವ ಪ್ಯಾರಾಸಿಟಮಾಲ್ ಮೂತ್ರಪಿಂಡಕ್ಕೆ ಕೊಂಚ ಸೌಮ್ಯ, ಆದರೂ ಅದು ಔಷಧಿಯೇ. 2023ರಲ್ಲಿ ಯುರೋಪಿನ ಬೆನೆಡಕ್ಟಸ್ ಅಧ್ಯಯನದ ಫಲಿತಾಂಶ ಬಂತು. 28 ವಾರಕ್ಕೂ ಮುಂಚೆ ಹುಟ್ಟಿದ 273 ಮಕ್ಕಳು, ಎಲ್ಲರ ನಾಳವೂ 1.5 ಮಿಲಿಮೀಟರ್‌ಗಿಂತ ದೊಡ್ಡದು. ಮೊದಲೇ ಐಬುಪ್ರೊಫೆನ್ ಕೊಟ್ಟ ಗುಂಪಿಗಿಂತ ಕಾದು ನೋಡಿದ ಗುಂಪಿನ ಫಲಿತಾಂಶ ಕೆಟ್ಟದಾಗಿರಲಿಲ್ಲ. ಹಾಗಂತ ಯಾರಿಗೂ ಚಿಕಿತ್ಸೆ ಬೇಡ ಅಂತಲ್ಲ. ಎಡಭಾಗ ಹಿಗ್ಗಿ, ವೆಂಟಿಲೇಟರ್ ಬಿಡಿಸಲಾಗದ ಮಗುವಿನ ಲೆಕ್ಕವೇ ಬೇರೆ. ನಿಮ್ಮ ವೈದ್ಯರು ಕಣ್ಣಾರೆ ಕಂಡ ಮಗುವನ್ನು ನಾನು ನೋಡಿಲ್ಲ, ತೀರ್ಮಾನ ಅವರದು.

ಇನ್ನೊಂದು ಮಾತು. ಕೆಲವು ಮಕ್ಕಳ ಹೃದಯದ ರಚನೆಯಲ್ಲೇ ಬೇರೆ ದೋಷವಿದ್ದು, ಈ ನಾಳ ತೆರೆದಿದ್ದರೆ ಮಾತ್ರ ಅವರು ಬದುಕಬಲ್ಲರು. ಅಂಥವರಿಗೆ ನಾವೇ ಪ್ರೊಸ್ಟಗ್ಲಾಂಡಿನ್ ಕೊಟ್ಟು ಅದನ್ನು ತೆರೆದಿಡುತ್ತೇವೆ. ಎಕೋ ಇಲ್ಲದೆ ಮುಚ್ಚುವ ಔಷಧಿ ಕೊಡುವುದು ಅಪಾಯ ಅನ್ನುವುದು ಇದಕ್ಕೇ.

ಸಂಬಂಧಿಕರ ಏಳು ವರ್ಷದ ಮಗುವಿಗೆ ಈ ನಾಳ ಮುಚ್ಚಲು ಆಪರೇಷನ್ ಮಾಡಿದರು ಅಂತ ಕೆಲವರು ಹೇಳುತ್ತಾರೆ, ಆ ಕಥೆ ಇಲ್ಲಿ ಹೊಂದುವುದಿಲ್ಲ. ಆ ವಯಸ್ಸಿನಲ್ಲಿ ತೆರೆದಿರುವ ನಾಳ ತಾನಾಗಿ ಮುಚ್ಚುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಬಹಳಷ್ಟು ನಾಳಗಳು ವಾರಗಳು ಕಳೆದಂತೆ ತಾವೇ ಮುಚ್ಚುತ್ತವೆ, ಕೆಲವು ಮನೆಗೆ ಹೋದ ಮೇಲೂ. ಕೊನೆಗೂ ಮುಚ್ಚದಿದ್ದರೆ ತೊಡೆಯ ರಕ್ತನಾಳದಿಂದ ಕ್ಯಾತಿಟರ್ (ತೆಳು ಕೊಳವೆ) ಹಾಕಿ ಸಣ್ಣ ಸಾಧನ ಕೂರಿಸಬಹುದು.

ತೆರೆದ ನಾಳದ ಜೊತೆ ಡಿಸ್ಚಾರ್ಜ್ ಆದರೆ ಮುಂದಿನ ಎಕೋ ದಿನಾಂಕ ಬರೆಸಿಕೊಂಡೇ ಹೋಗಿ. ಹಾಲು ಕುಡಿಯುವಾಗ ಮಗು ಏದುಸಿರು ಬಿಟ್ಟರೆ, ಹಣೆ ಬೆವರಿದರೆ, ತೂಕ ಏರದಿದ್ದರೆ ಆ ದಿನಾಂಕದವರೆಗೆ ಕಾಯಬೇಡಿ, ಅವತ್ತೇ ಕರೆದುಕೊಂಡು ಬನ್ನಿ.